ಮಡಿಸಿದ ಮೇಲೆ ಓದಿ

ದಾರದಕ್ಕನ ಎಡಗೈ ತೋರುಬೆರಳಿಗೆ ತುದಿಯಿಲ್ಲ. ಅದು ಹೇಗೆ ಹೋಯಿತು ಎನ್ನುವುದಕ್ಕೆ ಎರಡು ಕಥೆಗಳು ಕಾಗದದ ಮೇಲಿವೆ. ಎರಡನ್ನೂ ಬರೆದವಳು ಅವಳಲ್ಲ. ಒಂದನ್ನು ಪ್ರೆಸ್ ಮಾಲೀಕರ ಬಾಮೈದ ಬರೆದ. ಇನ್ನೊಂದನ್ನು ನಾನು ಬರೆದೆ.

ಬಾಮೈದ ಬರೆದದ್ದು ಅಪಘಾತದ ರಿಜಿಸ್ಟರಿನಲ್ಲಿ, ಆ ವಾರ ರಜೆಯಲ್ಲಿದ್ದ ಬೈಂಡಿಂಗ್ ವಿಭಾಗದ ಮುಖ್ಯಸ್ಥನ ಕುರ್ಚಿಯಲ್ಲಿ ಕೂತು. ಒಂದೇ ಸಾಲು: "ಕಾರ್ಮಿಕಳ ಅಜಾಗರೂಕತೆಯಿಂದ, ಕೈ ಜಾರಿ, ಬೆರಳಿಗೆ ಗಾಯ." ಕಟಿಂಗ್ ಮೆಷಿನ್ನಿನ ಮುಂದೆ ಇರಬೇಕಾಗಿದ್ದ ಕಬ್ಬಿಣದ ತಡೆಯನ್ನು, ಅರ್ಜೆಂಟ್ ಕೆಲಸ ಬೇಗ ಮುಗಿಯಲಿ ಅಂತ ಎರಡು ದಿನ ಮುಂಚೆ ಬಿಚ್ಚಿಸಿದವನು ತಾನೇ ಎಂಬುದು ಆ ಸಾಲಿನಲ್ಲಿಲ್ಲ. ನಾನು ಬರೆದದ್ದು ಸಂಘದ ಕರಪತ್ರದಲ್ಲಿ. "ಶೋಷಣೆಯ ಕತ್ತಿಗೆ ಬಲಿಯಾದ ಅಬಲೆ" ಅಂತ ತಲೆಬರಹ. ಸಾವಿರ ಪ್ರತಿ ಹೊಡೆಸಿದ್ದೆವು. ಗೇಟಿನ ಮುಂದೆ ನಿಂತು ಅದನ್ನು ಎರಡೆರಡು ಸಲ ಓದಿದ್ದೆ, ಅಷ್ಟು ಚೆನ್ನಾಗಿ ಬರೆದಿದ್ದೇನೆ ಅಂದುಕೊಂಡಿದ್ದೆ.

ಅವಳು ಬ್ಯಾಂಡೇಜಿನ ಕೈಯಲ್ಲೇ ಕರಪತ್ರ ಹಿಡಿದುಕೊಂಡು ಸಂಘದ ಆಫೀಸಿಗೆ ಬಂದಳು.

"ಅಣ್ಣಾ, ಅಬಲೆ ಯಾರು?"

"ನೀನೇ ಕಣಮ್ಮ. ಅಂದ್ರೆ, ಒಂದು ಮಾತಿಗೆ..."

"ಅವತ್ತು ಎಲ್ರೂ ಕಿರುಚ್ಕೊಂಡು ನಿಂತಿದ್ರು. ಬೆರಳಿಗೆ ಬಟ್ಟೆ ಸುತ್ಕೊಂಡು ಮೆಷಿನ್ ಆಫ್ ಮಾಡಿದೋಳು ನಾನು. ಹಾಳೆಗೆ ರಕ್ತ ತಾಗದ ಹಾಗೆ ಕಟ್ಟು ಪಕ್ಕಕ್ಕೆ ಸರಿಸಿದೋಳೂ ನಾನೇ. ಅದು ಯಾವ್ದೂ ಇದ್ರಲ್ಲಿ ಇಲ್ವಲ್ಲ. ಬೆರಳು ನಂದು, ಕಥೆ ನಿಮ್ದಾ?"

ಮೂವತ್ತು ವರ್ಷ ಸಂಘದ ಮೈಕಿನ ಮುಂದೆ ನಿಂತವನು ನಾನು. ಲಾಠಿ ತಿಂದಿದ್ದೇನೆ, ಆದರೆ ಅಷ್ಟು ಚುರುಕ್ ಅಂದಿರಲಿಲ್ಲ.

ದಾರದಕ್ಕ ಅನ್ನುವುದು ಅವಳ ಹೆಸರಲ್ಲ. ಪುಸ್ತಕ ಹೊಲಿಯುವ ಬಿಳಿ ದಾರದ ಒಂದು ಎಳೆ ಸದಾ ಅವಳ ಕೊರಳಲ್ಲಿ ಜೋತಾಡುತ್ತಿರುತ್ತದೆ, ಅದಕ್ಕೆ ಆ ಹೆಸರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಗಳು ಆಸ್ಪತ್ರೆಯಲ್ಲಿ ನರ್ಸು. ಬೈಂಡಿಂಗ್ ವಿಭಾಗವೆಂದರೆ ಪ್ರೆಸ್ಸಿನ ಹಿಂಬದಿಯ ಉದ್ದನೆಯ ಕೋಣೆ. ಎರಡು ಕಿಟಕಿ, ಆರು ಮೇಜು, ಗೋಂದಿನ ವಾಸನೆ, ಹನ್ನೊಂದು ಜನ. ಅಲ್ಲಿ ಅವಳಿಗೆ ಮೂವತ್ತೊಂದು ವರ್ಷದ ಸರ್ವಿಸು. ಹಾಳೆ ಮಡಿಸುವುದು, ಫಾರಂ ಜೋಡಿಸುವುದು, ಹೊಲಿಯುವುದು, ಕತ್ತರಿಸುವುದು ಎಲ್ಲ ಬರುತ್ತದೆ. ಕಣ್ಣು ಮುಚ್ಚಿಕೊಂಡು ಹಾಳೆ ಸವರಿ ಅದು ಯಾವ ಅಳತೆ, ಎಷ್ಟು ಪುಟದ್ದು ಅಂತ ಹೇಳುತ್ತಾಳೆ.

ಫಾರಂ ಎಂದರೇನು ಅಂತ ಹೊರಗಿನವರಿಗೆ ಹೇಳಬೇಕು. ಪುಸ್ತಕವನ್ನು ಒಂದೊಂದೇ ಪುಟವಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಎಂಟು ಪುಟವೋ ಹದಿನಾರು ಪುಟವೋ ಒಟ್ಟಿಗೆ ಬೀಳುತ್ತವೆ. ಬಿಡಿಸಿಟ್ಟ ಹಾಳೆಯನ್ನು ನೋಡಿದರೆ ಯಾರೋ ಕುಡಿದು ಜೋಡಿಸಿದ ಹಾಗಿರುತ್ತದೆ. ಒಂದನೇ ಪುಟದ ಪಕ್ಕ ಎಂಟನೆಯದು, ಅವುಗಳ ತಲೆಯ ಮೇಲೆ ನಾಲ್ಕು, ಐದು ತಲೆಕೆಳಗಾಗಿ ನಿಂತಿರುತ್ತವೆ. ಮಡಿಸಿ, ತಲೆಯ ಕಡೆಯ ಮಡಿಕೆಯನ್ನು ಸೀಳಿದರೆ ಎಲ್ಲ ತಂತಮ್ಮ ಜಾಗಕ್ಕೆ ಬರುತ್ತವೆ. ಮಡಿಸಿದ ಆ ಕಟ್ಟೇ ಫಾರಂ. ದಾರದಕ್ಕ ಜೀವಮಾನದಲ್ಲಿ ಓದಿದ್ದೆಲ್ಲ ಹಾಗೆ ಬಿಡಿಸಿಟ್ಟ ಹಾಳೆಗಳಲ್ಲೇ, ಕತ್ತು ಆಚೆ ಈಚೆ ತಿರುಗಿಸಿಕೊಂಡು. ಕಥೆ ಶುರುವಾಗುವ ಮೊದಲೇ ಎಂಟನೇ ಪುಟದಲ್ಲಿ ಯಾರು ಸತ್ತರು ಅಂತ ಅವಳಿಗೆ ಗೊತ್ತಿರುತ್ತಿತ್ತು.

ವಿಭಾಗದ ಮುಖ್ಯಸ್ಥ ನಿವೃತ್ತನಾಗುವ ವರ್ಷ ಬಂತು. ಹತ್ತನೇ ತರಗತಿ ಪಾಸಾದವರೇ ಆ ಕುರ್ಚಿಗೆ ಬರಬೇಕು ಅಂತ ಪ್ರೆಸ್ಸಿನ ನಿಯಮ. ದಾರದಕ್ಕನ ಶಾಲೆ ಏಳಕ್ಕೇ ನಿಂತಿತ್ತು. ಬಾಮೈದನ ಹತ್ತಿರ ಸರ್ಟಿಫಿಕೇಟ್ ಇತ್ತು, ಸೂಜಿಗೆ ದಾರ ಪೋಣಿಸಲು ಮಾತ್ರ ಬರುತ್ತಿರಲಿಲ್ಲ. ನಾವು ಒಂಬತ್ತು ದಿನ ಗೇಟಿನ ಮುಂದೆ ಕೂತೆವು. ಕೊನೆಗೆ ಒಪ್ಪಂದವಾಯಿತು: ಈ ವರ್ಷದ ಪರೀಕ್ಷೆಯಲ್ಲಿ ಅವಳು ಪಾಸಾದರೆ ಕುರ್ಚಿ ಅವಳದ್ದು, ಫೇಲಾದರೆ ಬಾಮೈದನದ್ದು. ಮತ್ತೆ ಮಾತಿಲ್ಲ.

"ನಿನಗೆ ಆ ಕುರ್ಚಿ ಯಾಕಮ್ಮ? ಕೆಲಸ ಹೇಗೂ ನೀನೇ ಮಾಡ್ತೀಯ" ಅಂತ ನಾನು ಕೇಳಿದ್ದೆ.

"ಕುರ್ಚಿ ಕಟ್ಕೊಂಡು ಏನ್ ಮಾಡ್ಲಿ? ಅಪಘಾತದ ರಿಜಿಸ್ಟರ್ ಬರೆಯೋದು ಆ ಕುರ್ಚೀಲಿ ಕೂತೋರು."

ಅವಳಿಗೆ ಬೇಕಾಗಿದ್ದದ್ದು ಅದು. ಆ ಪೆನ್ನು.

ಕೆಲಸ ಮುಗಿಸಿ ಸಂಜೆ ಶಾಲೆಗೆ ಹೋಗತೊಡಗಿದಳು. ಐವತ್ತೊಂದು ವಯಸ್ಸು. ಬೆಂಚಿನಲ್ಲಿ ಪಕ್ಕ ಕೂತವರು ಅವಳ ಮಗಳಿಗಿಂತ ಚಿಕ್ಕವರು. ಗಂಡ ಅಡುಗೆ ಮಾಡಲು ಕಲಿತ. ಅವನ ಅಡುಗೆ ತಿಂದ ಮೇಲೆ ಯಾರಿಗಾದರೂ ಬೇಗ ಪಾಸಾಗಬೇಕು ಅನ್ನಿಸುತ್ತದೆ ಅಂತ ಅವಳೇ ಹೇಳುತ್ತಿದ್ದಳು. ಮಗಳು ಗೇಲಿ ಮಾಡುತ್ತಿದ್ದಳು: "ಅಮ್ಮ, ಕಡಿಮೆ ಮಾರ್ಕ್ಸ್ ಬಂದ್ರೆ ಪೋಷಕರ ಸಹಿ ನಾನೇ ಹಾಕ್ಬೇಕು, ನೆನಪಿರ್ಲಿ."

ಭಾಷೆಯ ಪಾಠ ಮಾಡುತ್ತಿದ್ದವರು ನಿವೃತ್ತ ಮೇಷ್ಟ್ರು. ಅವರು ಒಂದು ದಿನ 'ನಿರೂಪಕ', 'ದೃಷ್ಟಿಕೋನ', 'ಆಶಯ' ಅಂತ ಬೋರ್ಡಿನ ಮೇಲೆ ಬರೆದರಂತೆ. ತರಗತಿಯೆಲ್ಲ ಆಕಳಿಸುತ್ತಿತ್ತು. ಇವಳು ಎದ್ದು ನಿಂತಳು.

"ಮೇಷ್ಟ್ರೇ, ದೃಷ್ಟಿಕೋನ ಅಂದ್ರೆ ಹೇಳೋನು ಎಲ್ಲಿ ನಿಂತ್ಕೊಂಡು ನೋಡಿದಾನೆ ಅಂತ ತಾನೆ?"

"ಹೌದಮ್ಮ."

"ಮೆಷಿನ್ನಿನ ಈ ಕಡೇನಾ, ಆ ಕಡೇನಾ ಅಂತ."

ಮೇಷ್ಟ್ರಿಗೆ ಮೆಷಿನ್ ಎಲ್ಲಿಂದ ಬಂತು ಅಂತ ತಿಳಿಯಲಿಲ್ಲ. ಆದರೂ ಹೌದು ಅಂದರು. ಆಮೇಲೆ ಅವರೇ ನನಗೆ ಹೇಳಿದರು, ನಲವತ್ತು ವರ್ಷ ಪಾಠ ಮಾಡಿದ್ದೇನೆ, ಇದನ್ನು ಇಷ್ಟು ಸಲೀಸಾಗಿ ನನಗೇ ಯಾರೂ ಹೇಳಿಕೊಟ್ಟಿರಲಿಲ್ಲ ಅಂತ.

ಪರೀಕ್ಷೆ ಬಂತು. ಹತ್ತು ದಿನ ರಜೆ ಹಾಕಿದಳು. ಅಲ್ಲೇ ಎಡವಟ್ಟು ಶುರುವಾಯಿತು. ಪರೀಕ್ಷಾ ಕಚೇರಿಗೆ ಉತ್ತರ ಪತ್ರಿಕೆ ಒದಗಿಸುವ ಗುತ್ತಿಗೆ ನಮ್ಮ ಪ್ರೆಸ್ಸಿನದ್ದೇ. ಎಂಟು ಪುಟದ ಖಾಲಿ ಪುಸ್ತಿಕೆ. ದಾರದಕ್ಕ ಇಲ್ಲದೆ ಬೈಂಡಿಂಗ್ ಕೋಣೆಯ ಕೆಲಸ ಕುಂಟತೊಡಗಿತು. ಉಸ್ತುವಾರಿಗೆ ನಿಂತ ಬಾಮೈದ ಮೂರು ದಿನ ಹಾರಾಡಿ, ಕೊನೆಯ ಕಂತನ್ನು ಮಡಿಸದೆ ಹೊಲಿಯದೆ ಹಾಗೇ ದೊಡ್ಡ ಹಾಳೆಗಳಲ್ಲೇ ಕಟ್ಟಿ ಕಳಿಸಿಬಿಟ್ಟ. ಹಳೆಯ ದಾಸ್ತಾನು ಭಾಷೆಯ ಪರೀಕ್ಷೆಯ ದಿನಕ್ಕೆ ಸರಿಯಾಗಿ ಮುಗಿಯಿತು. ಅವತ್ತು ಎಲ್ಲರ ಮುಂದೆಯೂ ಹಾಸಿಗೆಯ ಹಾಗೆ ಒಂದೊಂದು ಹಾಳೆ ಹರಡಿದರು.

"ಎರಡೂ ಬದಿ ಬರೀರಿ. ಮಡಿಸಬೇಡಿ, ಆಮೇಲೆ ಬಂಡಲ್ ಕಟ್ಟೋಕೆ ಆಗಲ್ಲ" ಅಂದರು ಮೇಲ್ವಿಚಾರಕಿ.

ಉಳಿದವರು ಗೋಡೆಗೆ ಸುಣ್ಣ ಹೊಡೆದ ಹಾಗೆ ಮೇಲಿನಿಂದ ಕೆಳಗೆ ಬರೆದರು. ದಾರದಕ್ಕ ಹಾಳೆಯ ಮೇಲೆ ಅಂಗೈ ಆಡಿಸಿದಳು. ಎಂಟು ಪುಟದ ಹಾಳೆ, ತಾನೇ ಸಾವಿರಾರು ಮಡಿಸಿದ ಅಳತೆ. ಬರೆದು ಕೊಟ್ಟ ಮೇಲೆ ಇವೆಲ್ಲ ಮಡಿಸಲು ಹೋಗುತ್ತವೆ, ಆಮೇಲೆಯೇ ಓದುವವರ ಕೈಗೆ ಹೋಗುತ್ತವೆ ಅಂದುಕೊಂಡಳು. ಮಡಿಸದ ಹಾಳೆಯನ್ನು ಯಾರಾದರೂ ಓದುತ್ತಾರೆ ಅನ್ನುವ ಯೋಚನೆಯೇ ಅವಳಿಗೆ ಬರಲಿಲ್ಲ. ಬಲಗಡೆ ಕೆಳಗಿನ ಕಾಲುಭಾಗದಲ್ಲಿ ಒಂದನೇ ಪುಟ ಬರೆದಳು. ಹಾಳೆ ಮಗುಚಿ ಎರಡು. ತಲೆಕೆಳಗು ಮಾಡಿ ಮೂರು. ಮತ್ತೆ ಮಗುಚಿ ನಾಲ್ಕು, ಅದರ ಪಕ್ಕ ಐದು. ಹೀಗೇ ಎಂಟರವರೆಗೆ. ಪ್ರತಿ ಮೂಲೆಗೂ ಪುಟಸಂಖ್ಯೆ ಹಾಕಿದಳು.

"ಏನ್ರೀ ಅಮ್ಮ, ಹಾಳೆನ ಬಸ್ಸಿನ ಸ್ಟೀರಿಂಗ್ ತರ ತಿರುಗಿಸ್ತಿದೀರ?" ಅಂತ ಮೇಲ್ವಿಚಾರಕಿ ಗದರಿದರು.

"ಊರು ಸೇರೋವರೆಗೂ ತಿರುಗಿಸ್ಲೇಬೇಕಲ್ಲ ಮೇಡಂ" ಅಂದಳಂತೆ.

ಫಲಿತಾಂಶದ ದಿನ ಉಳಿದ ಎಲ್ಲ ವಿಷಯಕ್ಕೂ ಪಾಸು. ಭಾಷೆಗೆ ಸೊನ್ನೆ. ಪಕ್ಕದಲ್ಲಿ ಒಂದು ಷರಾ: "ಸಂಕೇತ ಭಾಷೆಯಲ್ಲಿ ಬರೆದು ಗುರುತು ಸೂಚಿಸಿದ್ದಾರೆ. ಅಕ್ರಮ." ಬರೆದವರು ಯಾರು ಅಂತ ಪರೀಕ್ಷಕರಿಗೆ ಗುರುತು ಸಿಗಲಿ ಅಂತ ಏನಾದರೂ ಕುರುಹು ಮಾಡಿದರೆ ಮೂರು ವರ್ಷ ಪರೀಕ್ಷೆ ಬರೆಯುವ ಹಾಗಿಲ್ಲ.

ಬಾಮೈದ ಅವತ್ತೇ ಮಧ್ಯಾಹ್ನ ಆ ಕುರ್ಚಿಗೆ ಹೊಸ ದಿಂಬು ತಂದು ಹಾಕಿದ.

ವಿಚಾರಣೆಗೆ ಕರೆದರು. ಸಂಘದ ಪರವಾಗಿ ಜೊತೆಗೆ ಹೋದವನು ನಾನು. ದಾರಿಯುದ್ದಕ್ಕೂ ಭಾಷಣ ಹೊಂದಿಸಿಕೊಳ್ಳುತ್ತಿದ್ದೆ. ದುಡಿಯುವ ವರ್ಗ, ಅಕ್ಷರದ ಹಕ್ಕು, ಎಲ್ಲ ಸಾಲಾಗಿ ನಾಲಗೆಯ ತುದಿಗೆ ಬಂದು ನಿಂತಿದ್ದವು. ಕಚೇರಿಯ ಮೆಟ್ಟಿಲು ಹತ್ತುವಾಗ ಅವಳು ನನ್ನ ತೋಳು ಹಿಡಿದಳು.

"ಅಣ್ಣಾ, ಒಳಗೆ ನೀವು ಬಾಯಿ ಬಿಡಬಾರ್ದು."

"ಅಲ್ಲಮ್ಮ, ಅವರು..."

"ಇನ್ನೊಂದ್ಸಲ ನನ್ನ ಅಬಲೆ ಮಾಡ್ಬೇಡಿ."

ಬಾಯಿಗೆ ಬೀಗ ಹಾಕಿಕೊಂಡೆ.

ಮೇಜಿನ ಆಚೆ ಇಬ್ಬರು. ಒಬ್ಬರು ವಿಚಾರಣಾಧಿಕಾರಿ, ದಪ್ಪ ಕನ್ನಡಕದ, ಆರಾಮಾಗಿ ಮಾತಾಡುವ ಮನುಷ್ಯ. ಇನ್ನೊಬ್ಬರು ಸೊನ್ನೆ ಹಾಕಿದ ಪರೀಕ್ಷಕರು. ಅವರ ಮುಖ ಇಸ್ತ್ರಿ ಹಾಕಿದ ಹಾಗಿತ್ತು. ಮೇಜಿನ ಮೇಲೆ ಅವಳ ಹಾಳೆ ಹರಡಿತ್ತು.

"ನೋಡಿ ಸರ್," ಪರೀಕ್ಷಕರು ಬೆರಳಿಟ್ಟು ತೋರಿಸಿದರು. "ಇಲ್ಲಿ ಎಂಟು, ಇಲ್ಲಿ ಒಂದು. ಮೇಲೆ ಐದು, ನಾಲ್ಕು, ಅದೂ ತಲೆಕೆಳಗು. ಇದು ಗುರುತಲ್ಲದೆ ಇನ್ನೇನು?"

ಅಧಿಕಾರಿ ದಾರದಕ್ಕನ ಕಡೆ ನೋಡಿದರು. "ಏನಮ್ಮ ಇದು?"

"ಮಡಿಸಿಲ್ಲ ಸ್ವಾಮಿ."

"ಅಂದ್ರೆ?"

"ನೀವು ಮಡಿಸದೆ ಓದಿದೀರ. ಮಡಿಸಿದ ಮೇಲೆ ಓದಿ."

ಅವಳು ಚೀಲದಿಂದ ಮಡಿಕೆ ಒತ್ತುವ ಮೂಳೆಯ ಪಟ್ಟಿ ತೆಗೆದಳು. ಮೂವತ್ತೊಂದು ವರ್ಷ ಕೈಯಲ್ಲಾಡಿ ಒಂದು ಅಂಚು ಸವೆದು ಬಾಗಿತ್ತು. ಹಾಳೆಗೆ ಕೈ ಹಾಕಲು ಹೋದಾಗ ಪರೀಕ್ಷಕರು ಹಾರಿ ಬಿದ್ದರು. "ಅಭ್ಯರ್ಥಿ ದಾಖಲೆ ಮುಟ್ಟೋ ಹಾಗಿಲ್ಲ!"

"ಸರಿ, ನೀವೇ ಮಡಿಸಿ" ಅಂತ ಪಟ್ಟಿಯನ್ನು ಅಧಿಕಾರಿಯ ಮುಂದಿಟ್ಟಳು.

ಅವರು ಕನ್ನಡಕ ಸರಿಮಾಡಿಕೊಂಡು ಹಾಳೆಯ ಬಲಗಡೆ ಅಂಚು ಎತ್ತಿದರು.

"ಅಯ್ಯೋ, ಮೊದ್ಲು ಮಗುಚಿ ಸ್ವಾಮಿ. ಎರಡನೇ ಪುಟ ನಿಮ್ಮ ಎಡಗೈ ಕೆಳಗೆ ಬರ್ಬೇಕು. ಹಾಂ. ಈಗ ಮೇಲಿನ ಅರ್ಧ ಕೆಳಗೆ ತನ್ನಿ. ಅಂಚಿಗೆ ಅಂಚು ಕೂರ್ಲಿ. ಉಗುರಲ್ಲಿ ಒತ್ಬೇಡಿ, ಪಟ್ಟಿ ಯಾಕೆ ಕೊಟ್ಟಿದೀನಿ?"

ಅಧಿಕಾರಿ ಪಟ್ಟಿ ಹಿಡಿದರು. ಹಿಡಿದದ್ದು ತಲೆಕೆಳಗಾಗಿ.

"ದಪ್ಪ ಕಡೆ ಅಂಗೈಗೆ. ಹೊಸಬರು ಎಲ್ರೂ ಹೀಗೇ ಹಿಡೀತಾರೆ, ಪರವಾಗಿಲ್ಲ."

ಅಧಿಕಾರಿಗೆ ನಗು ಬಂತು, ಪರೀಕ್ಷಕರಿಗೆ ಬರಲಿಲ್ಲ. ಎರಡನೇ ಮಡಿಕೆ: ಬಲಗಡೆಯದನ್ನು ಎಡಗಡೆಯ ಮೇಲೆ ತಂದರು. ತಿರುಗಿಸಿದರು. ಒಂದನೇ ಪುಟ, ನೆಟ್ಟಗೆ, ಅವರ ಕಣ್ಣಿನ ಮುಂದೆ ಬಂದು ಕೂತಿತು. ಆದರೆ ತಲೆಯ ಕಡೆ ಇನ್ನೂ ಅಂಟಿಕೊಂಡಿತ್ತು. ಎರಡನೇ ಪುಟ ನೋಡಲು ಅಧಿಕಾರಿ ಕೊಳವೆಯೊಳಗೆ ಇಣುಕಿದ ಹಾಗೆ ಕೆಳಗಿನಿಂದ ಕಣ್ಣಿಟ್ಟರು.

"ಸೀಳ್ಬೇಕು ಸ್ವಾಮಿ."

"ದಾಖಲೆಯನ್ನ ಸೀಳೋದಾ!" ಅಂದರು ಪರೀಕ್ಷಕರು.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಕಡತದಲ್ಲಿ "ನನ್ನ ಸಮ್ಮುಖದಲ್ಲಿ, ನನ್ನ ಕೈಯಿಂದಲೇ ಸೀಳಲಾಯಿತು" ಅಂತ ಬರೆದು, ಸಹಿ ಮಾಡಿ, ತಾರೀಖು ಹಾಕಿ, ಸ್ಕೇಲು ತೂರಿಸಿ ಸೀಳಿದರು. ಎಂಟು ಪುಟದ ಪುಸ್ತಿಕೆ. ಒಂದರ ಹಿಂದೆ ಎರಡು, ಎರಡರ ಎದುರಿಗೆ ಮೂರು.

ಅವರು ಓದಲು ಶುರು ಮಾಡಿದರು. ಮೊದಲು ಮನಸ್ಸಿನಲ್ಲೇ, ಆಮೇಲೆ ತಮಗೆ ಗೊತ್ತಿಲ್ಲದೆಯೇ ಗಟ್ಟಿಯಾಗಿ.

ಪ್ರಶ್ನೆ ಪತ್ರಿಕೆಯಲ್ಲಿ ಎರಡು ಪುಟ್ಟ ಕಥೆಗಳನ್ನು ಕೊಟ್ಟು, ಅವುಗಳ ನಿರೂಪಣೆಯನ್ನೂ ಆಶಯವನ್ನೂ ಹೋಲಿಸಿ ಅಂತ ಕೇಳಿದ್ದರು. ಒಂದು ಕಥೆಯಲ್ಲಿ ದೋಣಿಯವನೊಬ್ಬ 'ನಾನು' ಅಂತ ಹೇಳುತ್ತಾನೆ. ಸಂಜೆಯ ಕೊನೆಯ ಸಲ ಒಬ್ಬಳನ್ನು ಆಚೆ ದಡದಲ್ಲೇ ಬಿಟ್ಟು ಬಂದದ್ದು. ಇನ್ನೊಂದರಲ್ಲಿ ಒಬ್ಬ ಮುದುಕಿ ಬಸ್ಸಿಗೆ ಕಾಯುತ್ತಾಳೆ, ಬಸ್ಸು ನಿಲ್ಲಿಸದೆ ಹೋಗುತ್ತದೆ. ಅದನ್ನು ಹೇಳುವವರು ಯಾರು ಅಂತ ಗೊತ್ತಿಲ್ಲ.

ದಾರದಕ್ಕ ಬರೆದದ್ದನ್ನು ನಾನು ಆಮೇಲೆ ನಕಲು ಮಾಡಿಕೊಂಡೆ. ಅದರ ಒಂದಿಷ್ಟು ಇಲ್ಲಿದೆ:

"ಮೊದಲನೇ ಕಥೆಯಲ್ಲಿ ತಪ್ಪು ಮಾಡಿದವನೇ ಕಥೆ ಹೇಳುತ್ತಿದ್ದಾನೆ. ಅವನು ದೋಣಿಯೊಳಗೆ ಕೂತು ಹೇಳುತ್ತಾನೆ, ಆದ್ದರಿಂದ ದಡ ಅವನಿಗೆ ಚಿಕ್ಕದಾಗಿ ಕಾಣುತ್ತದೆ. ಗಾಳಿ ಜೋರಾಗಿತ್ತು ಅಂತ ಏಳು ಸಲ ಹೇಳಿದ್ದಾನೆ. ಅಷ್ಟು ಸಲ ಗಾಳಿಯ ಹೆಸರು ಹೇಳುವವನಿಗೆ ಗಾಳಿಯ ಮೇಲೆ ನಂಬಿಕೆಯಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಸುಳ್ಳಿನ ಪಕ್ಕ ಕೂತಿದ್ದಾನೆ. ಈ ಕಥೆಯ ಆಶಯ ನದಿ ಅಲ್ಲ, ತನ್ನನ್ನು ತಾನು ಬಿಡಿಸಿಕೊಳ್ಳುವ ಮನುಷ್ಯನ ಒದ್ದಾಟ.

ಎರಡನೇ ಕಥೆಯನ್ನು ಹೇಳುವವರು ರಸ್ತೆಯ ಕಂಬದ ಹಾಗೆ ದೂರ ನಿಂತಿದ್ದಾರೆ. ಮುದುಕಿಯ ಮನಸ್ಸಿನಲ್ಲಿ ಏನಿದೆ ಅಂತ ಹೇಳುವುದಿಲ್ಲ. ಅವಳ ಕೈಚೀಲ, ಅವಳ ಚಪ್ಪಲಿ, ಅವಳು ಮೂರು ಸಲ ಎದ್ದು ನಿಂತದ್ದು ಇಷ್ಟನ್ನೇ ಹೇಳುತ್ತಾರೆ. ಯಾರನ್ನೂ ಬಯ್ಯುವುದಿಲ್ಲ, ಅದಕ್ಕೇ ಓದುವವರಿಗೆ ತಾವೂ ಆ ಬಸ್ಸಿನೊಳಗೆ ಇದ್ದೆವೇನೋ ಅನ್ನಿಸುತ್ತದೆ. ಎರಡೂ ಕಥೆಗಳಲ್ಲಿ ಒಬ್ಬಳು ಹಿಂದೆ ಉಳಿದಿದ್ದಾಳೆ. ಎರಡರಲ್ಲೂ ಉಳಿದವಳು ಮಾತಾಡುವುದಿಲ್ಲ. ಮೂರನೇ ಕಥೆಯೊಂದು ಇದ್ದರೆ ಅದನ್ನು ಅವಳು ಹೇಳಬೇಕು. ಅವಳು ಅಬಲೆಯಾಗಿ ಹೇಳುವುದಿಲ್ಲ, ಎಷ್ಟು ಹೊತ್ತು ಕಾದೆ, ಆಮೇಲೆ ಹೇಗೆ ಮನೆ ಸೇರಿದೆ ಅಂತ ಹೇಳುತ್ತಾಳೆ."

ಅಧಿಕಾರಿ ನಿಲ್ಲಿಸಿದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಆ ಕೊನೆಯ ಸಾಲು ಯಾರಿಗೆ ಬಡಿಯಬೇಕೋ ಅವನಿಗೆ ಬಡಿದಿತ್ತು.

ಪರೀಕ್ಷಕರು ಪುಸ್ತಿಕೆಯನ್ನು ತಮ್ಮ ಕಡೆ ಎಳೆದುಕೊಂಡರು. ಐದನೇ ಪುಟ ತೆಗೆದು, ಮತ್ತೆ ಎರಡಕ್ಕೆ ಹೋಗಿ, ಪ್ರಶ್ನೆ ಪತ್ರಿಕೆ ತೆಗೆದು ಬೆರಳಿಟ್ಟು ಎಣಿಸಿದರು. "ಏಳೇ ಸಲ ಇದೆ ಗಾಳಿ," ಅಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ತಲೆಯೆತ್ತಿ, "ಅಲ್ಲಮ್ಮ, ಎಲ್ರ ಹಾಗೆ ಮೇಲಿಂದ ಬರೀಬಹುದಿತ್ತಲ್ಲ?"

"ಬರೀಬಹುದಿತ್ತು ಸ್ವಾಮಿ. ಕೈ ಕೇಳ್ಲಿಲ್ಲ. ನನ್ನ ಜಾಗದಿಂದ ಅದು ಪುಸ್ತಕ, ನಿಮ್ಮ ಜಾಗದಿಂದ ಬರೀ ಹಾಳೆ. ನಿಮ್ದೂ ತಪ್ಪಲ್ಲ ಬಿಡಿ."

ಇನ್ನೊಬ್ಬ ಪರೀಕ್ಷಕರಿಂದ ಮೌಲ್ಯಮಾಪನ ಆಗಲಿ ಅಂತ ಆದೇಶವಾಯಿತು. ಹೊರಡುವಾಗ ಅಧಿಕಾರಿ ಪಟ್ಟಿಯನ್ನು ಹಿಂದೆ ಕೊಡುವ ಮುಂಚೆ ಒಮ್ಮೆ ಅಂಗೈಯಲ್ಲಿ ಸರಿಯಾಗಿ ಹಿಡಿದು ನೋಡಿದರು. ದಪ್ಪ ಕಡೆ ಅಂಗೈಗೆ.

ನೂರಕ್ಕೆ ಎಪ್ಪತ್ತೆಂಟು ಬಂತು. ಸಂಜೆ ಶಾಲೆಯಲ್ಲಿ ಆ ವರ್ಷ ಭಾಷೆಯಲ್ಲಿ ಅಷ್ಟು ಯಾರಿಗೂ ಬಂದಿರಲಿಲ್ಲ. ಮಗಳು ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ಪ್ರೆಸ್ಸಿಗೆ ಓಡಿ ಬಂದು, ಅಂಕಪಟ್ಟಿಯ ಜೆರಾಕ್ಸಿನ ಹಿಂದೆ "ಪೋಷಕರ ಸಹಿ" ಅಂತ ಬರೆದು ತನ್ನ ಸಹಿ ಹಾಕಿದಳು. ಗಂಡ ಮನೆಯಲ್ಲಿ ಎಂದಿನ ಹಾಗೆ ಅಡುಗೆಗೆ ನಿಂತ. ಡಿಪೋದಲ್ಲಿ ಮಾತ್ರ ಅವನ ಕಾಟ ತಡೆಯಲಾಗಲಿಲ್ಲವಂತೆ, ಕೆಟ್ಟು ನಿಂತ ಬಸ್ಸಿನ ಕೆಳಗೆ ಮಲಗಿಕೊಂಡೇ ಎಪ್ಪತ್ತೆಂಟು ಎಪ್ಪತ್ತೆಂಟು ಅನ್ನುತ್ತಿದ್ದನಂತೆ. ನಾನು ಗೆದ್ದ ಮುಷ್ಕರಗಳನ್ನೂ ಸೋತ ಮುಷ್ಕರಗಳನ್ನೂ ಬೇಕಾದಷ್ಟು ನೋಡಿದ್ದೇನೆ. ಎದೆ ಅಷ್ಟಗಲ ಉಬ್ಬಿಸಿಕೊಂಡು ಆ ಗೇಟು ದಾಟಿದ್ದು ಅವತ್ತೊಂದೇ ದಿನ.

ದಾರದಕ್ಕ ಕುರ್ಚಿಯ ಮೇಲಿದ್ದ ಹೊಸ ದಿಂಬನ್ನು ತೆಗೆದು ಬಾಮೈದನ ಕೈಗೆ ಕೊಟ್ಟಳು. "ತಗೊಳ್ಳಿ, ನೀವು ಸೂಜಿ ಕೆಲಸ ಕಲಿಯೋವಾಗ ಬೇಕಾಗುತ್ತೆ. ತುಂಬಾ ಹೊತ್ತು ಕೂರ್ಬೇಕು." ಆಮೇಲೆ ರಿಜಿಸ್ಟರ್ ತರಿಸಿಕೊಂಡಳು. ತನ್ನ ಬೆರಳಿನ ಪುಟ ಹುಡುಕಿ ಓದಿದಳು. ನಾನು ಪಕ್ಕದಲ್ಲೇ ಇದ್ದೆ.

"ಈಗ ತಿದ್ದಿ ಬರಿ" ಅಂದೆ.

"ಬೇಡ ಅಣ್ಣ. ಅದು ಅವನ ಕಥೆ, ಹಾಗೇ ಇರ್ಲಿ. ಗಾಳಿ ಗಾಳಿ ಅಂತ ಬರ್ದಿದಾನೆ, ಓದೋರಿಗೆ ಗೊತ್ತಾಗುತ್ತೆ."

ಎರಡನೇ ವಾರದಲ್ಲೇ ಅವಳ ಮೊದಲ ದಾಖಲೆಯ ದಿನ ಬಂತು. ಪಿನ್ ಹೊಡೆಯುವ ಹೆಂಗಸಿನ ಹೆಬ್ಬೆರಳಿಗೆ ಪಿನ್ ಇಳಿದಿತ್ತು. ಔಷಧಿ ಹಾಕಿ ಕಟ್ಟು ಕಟ್ಟಿಸಿಕೊಂಡು ಬಂದವಳು ಅಳುತ್ತಾ ಮೇಜಿನ ಮುಂದೆ ನಿಂತಳು.

"ನಂದೇ ತಪ್ಪು ಅಂತ ಬರ್ಕೊಳ್ಳಿ ಅಕ್ಕ. ಕೆಲಸದಿಂದ ತೆಗೀಬಾರ್ದು ಅಷ್ಟೆ."

"ತಪ್ಪು ಯಾರ್ದು ಅಂತ ನಿನ್ನ ಕೇಳಿದ್ನಾ? ಕೂತ್ಕೊ. ಮೂಗೊರೆಸ್ಕೊ. ಬೆಳಿಗ್ಗೆಯಿಂದ ಎಲ್ಲಿ ಕೂತಿದ್ದೆ, ಅಲ್ಲಿಂದ ಏನು ಕಾಣ್ತಿತ್ತು, ಅದನ್ನ ಹೇಳು. ನೀನು ಹೇಳಿದ ಹಾಗೇ ಬರೀತೀನಿ."

ಆ ಪುಟ ಹೀಗೆ ಶುರುವಾಗುತ್ತದೆ: "ನಾನು ಕೂತಿದ್ದು ಬಾಗಿಲ ಪಕ್ಕದ ಮೂಲೆಯಲ್ಲಿ. ಅಲ್ಲಿ ಬಲ್ಬು ಹೋಗಿ ಹನ್ನೆರಡು ದಿನ ಆಗಿದೆ. ನಾನು ಮೂರು ಸಲ ಆಫೀಸಿಗೆ ಹೇಳಿದ್ದೆ."

ಮಾಲೀಕರು ಬಂದು ಓದಿ, "ಇದೇನಮ್ಮ, ರಿಜಿಸ್ಟರಿನಲ್ಲಿ ನಾನು ನಾನು ಅಂತ?" ಅಂದರು.

"ಪಿನ್ ಚುಚ್ಚಿದ್ದು ಅವಳಿಗೆ ಸ್ವಾಮಿ. ನಿಮಗೆ ಚುಚ್ಚಿದ ದಿನ ನೀವು ಹೇಳಿ, ಅದನ್ನೂ ಹೀಗೇ ಬರೀತೀನಿ."

ಮಾಲೀಕರು ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿಟ್ಟು ಹೋದರು. ಅರ್ಧ ಗಂಟೆಯಲ್ಲಿ ಆ ಮೂಲೆಗೆ ಹೊಸ ಬಲ್ಬು ಬಂತು. ಹಾಕಲು ಸ್ಟೂಲು ಹತ್ತಿದವನು ಬಾಮೈದ. ಸ್ಟೂಲು ಅಲುಗದ ಹಾಗೆ ಹಿಡಿದು ನಿಂತವಳು ದಾರದಕ್ಕ, ಒಂದು ಬೆರಳಿನ ತುದಿ ಇಲ್ಲದ ಕೈಯಿಂದ.